ಅಂಕಪಟ್ಟಿಯ ಎರಡು ಬೂದು ಸಾಲು

ಮಾನ್ಯರೇ,

ನಿಮ್ಮ ಜಾಲತಾಣದ ಕ್ರೀಡಾ ಅಂಕಪಟ್ಟಿಯಲ್ಲಿ ಬಿಳಿ, ಬೂದು ಸಾಲುಗಳು ಸರದಿಯಂತೆ ಬರಬೇಕು. ನಡುವೆ ಎರಡು ಬೂದು ಸಾಲುಗಳು ಅಂಟಿಕೊಂಡಿವೆ. ಕಣ್ಣು ಜಾರಿ ಪಕ್ಕದ ತಂಡದ ಅಂಕ ಓದುವಂತಾಗುತ್ತದೆ. ಜಾಲಪುಟದ ಅಚ್ಚು, ಅಂದರೆ ಟೆಂಪ್ಲೇಟ್, ಬರೆಯುವುದೇ ನನ್ನ ಕಸುಬಾದ್ದರಿಂದ ಕಾರಣ ಊಹಿಸಬಲ್ಲೆ: ಯಾವುದೋ ಸಾಲನ್ನು ಷರತ್ತು ಹಾಕಿ ಮರೆಮಾಡಿದ್ದಾರೆ, ಆದರೆ ಅದರ ಪಾಲಿನ ಬಿಳಿ ಖರ್ಚಾಗಿಬಿಟ್ಟಿದೆ. ಜಾಲತಾಣ ಕಟ್ಟುವ ತಂತ್ರಾಂಶವಾದ ಜಾಂಗೋದಲ್ಲಿ, ಬಣ್ಣಗಳನ್ನು ಸರದಿಯಂತೆ ಕೊಡುವ ‘ಸೈಕಲ್’ ಟ್ಯಾಗ್ (ಸೂಚನೆ) ಎದುರಾದಾಗಲೆಲ್ಲ ಮುಂದಿನ ಮೌಲ್ಯಕ್ಕೆ ಸರಿಯುತ್ತದೆ; ಅದನ್ನು ಷರತ್ತಿನ, ಅಂದರೆ ‘ಇಫ್’ನ, ಒಳಗಿಟ್ಟರೆ ಸಾಕು. ಜಿಂಜಾ ಎಂಬ ಇನ್ನೊಂದು ಟೆಂಪ್ಲೇಟ್ ತಂತ್ರಾಂಶದ ‘ಲೂಪ್.ಸೈಕಲ್’ ಬಳಸಿದರೆ ಈ ಉಪಾಯ ನಡೆಯದು. ಅದು ಸುತ್ತಿನ ಸಂಖ್ಯೆಯನ್ನೇ ನಂಬುತ್ತದೆ, ಹಾಗಾಗಿ ಸುತ್ತು ಶುರುಮಾಡುವ ‘ಫಾರ್’ ಆಜ್ಞೆಯಲ್ಲೇ ಬೇಡದ ಸಾಲನ್ನು ಸೋಸಬೇಕು. ಗುಂಪು ಬದಲಾದಾಗ ಮತ್ತೆ ಬಿಳಿಯಿಂದ ಶುರುವಾಗಬೇಕೇ? 2017ರ ಜಾಂಗೋ 1.11 ಆವೃತ್ತಿಯಿಂದ, ಸರದಿಯನ್ನು ಮೊದಲಿಗೆ ತರುವ ‘ರಿಸೆಟ್‌ಸೈಕಲ್’ ಇದೆ. ಬಣ್ಣದ ಗೊಡವೆಯೇ ಬೇಡವೆಂದು ತೆಳುಗೆರೆ ಎಳೆದರೂ ನನ್ನ ತಕರಾರಿಲ್ಲ.

– ಟೆಂಪ್ಲೇಟ್ ಬರೆಯುವ ಓದುಗ