ಕಲ್ಯಾಣ ನೋಡಲು ಬರುವವರಿಗೆ ಕಾಲ ಹೇಳುವ ಫಲಕ ಬೇಕು

ಮಾನ್ಯ ಸಂಪಾದಕರೇ,

ಶಾಲಾ ಪ್ರವಾಸದ ಹಂಗಾಮು ಬಂತೆಂದರೆ ಬಸವಕಲ್ಯಾಣದಲ್ಲಿ ಬಸ್ಸುಗಳ ಸಾಲು. ಹೆಚ್ಚಿನವು 108 ಅಡಿಯ ಬಸವಣ್ಣನ ಪ್ರತಿಮೆ, ಅನುಭವ ಮಂಟಪ ಇವೆರಡನ್ನು ಮುಗಿಸಿ ಬೀದರ್ ಕೋಟೆಯ ಕಡೆ ಹೊರಟುಬಿಡುತ್ತವೆ. ಕಂಡದ್ದೆಲ್ಲ 12ನೇ ಶತಮಾನದ್ದೇ ಎಂದುಕೊಂಡು ಮಕ್ಕಳು ಊರು ಸೇರುತ್ತಾರೆ. ಪ್ರತಿಮೆ ನಿಂತದ್ದು 2012ರಲ್ಲಿ. ಅನುಭವ ಮಂಟಪ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಶ್ರಮದಿಂದ ಕಳೆದ ಶತಮಾನದಲ್ಲಿ ಎದ್ದ ಕಟ್ಟಡ. 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಹೊಸ ಮಂಟಪದ ನಕ್ಷೆಯಲ್ಲಿ 770 ಕಂಬಗಳಿರುವುದು 770 ಅಮರಗಣಂಗಳ, ಅಂದರೆ ಬಸವಣ್ಣನವರ ಜೊತೆಗಿದ್ದರೆನ್ನುವ ಶರಣರ, ಲೆಕ್ಕಕ್ಕೆ. ಮೂರೂ ನೋಡತಕ್ಕವೇ, ಆದರೆ ಯಾವುದೂ ಶರಣರ ಕಾಲದ್ದಲ್ಲ.

ಶರಣರ ಕಲ್ಯಾಣ ಕ್ರಾಂತಿಯ ನೆನಪು ಉಳಿದಿರುವುದು ಊರೊಳಗಿನ ಬಂದವರ ಓಣಿಯಲ್ಲಿ, ಅಲ್ಲಿನ ಪರುಷಕಟ್ಟೆಯಲ್ಲಿ. ದೂರದೂರಿಂದ ಬಂದ ಶರಣರನ್ನು ಬಸವಣ್ಣನವರು ಎದುರುಗೊಳ್ಳುತ್ತಿದ್ದದ್ದು, ಜನರ ಅಹವಾಲು ಕೇಳುತ್ತಿದ್ದದ್ದು ಇಲ್ಲೇ ಎಂಬುದು ಊರಿನ ನಂಬಿಕೆ. ಕಾಶ್ಮೀರದ ಮೋಳಿಗೆ ಮಾರಯ್ಯ, ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದ ಕಥೆಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟದ್ದು, ಕಲ್ಯಾಣದ ದೊರೆ ಬಿಜ್ಜಳ ಬೀಗರಿಬ್ಬರನ್ನೂ ಎಳೆಹೂಟೆಗೆ (ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆಗೆ) ಹಾಕಿಸಿದ್ದು, ಬಿಜ್ಜಳನ ಕೊಲೆ, ಚನ್ನಬಸವಣ್ಣನ ಜೊತೆ ಶರಣರು ಉತ್ತರ ಕನ್ನಡದ ಉಳವಿಯ ದಾರಿ ಹಿಡಿದದ್ದು, ಎಲ್ಲವನ್ನೂ ಈ ಓಣಿಗಳಲ್ಲಿ ನಡೆಯುತ್ತಲೇ ಹೇಳಬಹುದು.

ಹೇಳುವಾಗ ಶಾಸನ ಯಾವುದು, ಪುರಾಣ ಯಾವುದು ಎಂದು ಬಿಡಿಸಿ ಹೇಳಬೇಕು. ಬಿಜ್ಜಳನ ಕಾಲದ ಶಾಸನಗಳಿವೆ. 1168ರ ಹೊತ್ತಿಗೆ ಅವನ ಮಗ ಸೋವಿದೇವ ಪಟ್ಟದಲ್ಲಿದ್ದ. ಬಸವಣ್ಣನವರ ವಂಶ ಹೇಳುವ ಹೆಸರಾದ ಶಾಸನ ಇರುವುದು ಕಲ್ಯಾಣದಲ್ಲಲ್ಲ, ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ. ಅದರ ಕಾಲ 1260, ಅಂದರೆ ಸುಮಾರು ನೂರು ವರ್ಷ ಆಮೇಲಿನದು. ಮದುವೆ, ಎಳೆಹೂಟೆಗಳ ವಿವರ ನಮಗೆ ಬಂದಿರುವುದು ನಂತರದ ಕಾವ್ಯ, ಪುರಾಣಗಳಿಂದ.

ಪ್ರವಾಸದ ಬಸ್ಸುಗಳು ಪರುಷಕಟ್ಟೆ ಬಿಡುವುದಕ್ಕೆ ಕಾರಣ ಸರಳ: ದೊಡ್ಡ ಗಾಡಿ ಹಳೇ ಊರಿನ ಓಣಿಯಲ್ಲಿ ತಿರುಗುವುದಿಲ್ಲ. ಬಸ್ಸನ್ನು ಹೊರಗೆ ನಿಲ್ಲಿಸಿ ಹತ್ತು ಹನ್ನೆರಡು ಮಕ್ಕಳಿಗೊಬ್ಬ ಶಿಕ್ಷಕರಂತೆ ನಡೆಸಿಕೊಂಡು ಹೋಗಬೇಕು. ಬೆಳಿಗ್ಗೆ ತಂಪಿನಲ್ಲಿ ಕೋಟೆ, ಆಮೇಲೆ ಪರುಷಕಟ್ಟೆ ಮತ್ತು ಬಸವೇಶ್ವರ ಗುಡಿ, ಊಟದ ನಂತರ ಬಸವಣ್ಣನವರ ಸೋದರಿ ಅಕ್ಕನಾಗಮ್ಮನ ಗವಿ, ತ್ರಿಪುರಾಂತ ಕೆರೆ, ಪ್ರತಿಮೆ ಕೊನೆಗಿರಲಿ. ಗವಿಗೆ ಬ್ಯಾಟರಿ ಒಯ್ಯಿರಿ, ಎಲ್ಲರೂ ಒಮ್ಮೆಲೇ ನುಗ್ಗಬಾರದು. ಕೋಟೆಯಲ್ಲಿ ಈಗ ಕಾಣುವ ಗೋಡೆ, ಬುರುಜು ಹೆಚ್ಚಿನವು ಬಹಮನಿ ಕಾಲದವು ಮತ್ತು ಆಮೇಲಿನವು. ನಿಜವಾದ ಚಾಲುಕ್ಯ ಕೆಲಸ ನೋಡಬೇಕಿದ್ದರೆ ಹತ್ತಿರದ ನಾರಾಯಣಪುರದ ಶಿವಾಲಯಕ್ಕೆ ಒಂದು ತಾಸು ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಬರಲೇಬೇಡಿ. ಮಧ್ಯಾಹ್ನದ ಕಲ್ಲು ಕಾದ ಹೆಂಚು.

ಬೀದರ್, ಕಲಬುರಗಿ ಎರಡರಿಂದಲೂ ದಾರಿ ಸುಮಾರು 80 ಕಿ.ಮೀ. ಹೈದರಾಬಾದ್–ಸೋಲಾಪುರ ಹೆದ್ದಾರಿಯ ಬಸ್ಸು ಹತ್ತುವವರು ಗಾಡಿ ಊರೊಳಗೆ ಹೋಗುತ್ತದೆಯೇ ಎಂದು ಕಂಡಕ್ಟರರನ್ನು ಮೊದಲೇ ಕೇಳಬೇಕು. ಒಳಗೆ ಬಾರದ ಗಾಡಿ ಸಸ್ತಾಪುರ ಬಂಗ್ಲಾದಲ್ಲಿ ಇಳಿಸುತ್ತದೆ, ಅಲ್ಲಿಂದ ಟಂಟಂ (ಶೇರ್ ಆಟೊ) ಹಿಡಿಯಬೇಕು. ರೈಲಿನವರು 2017ರಲ್ಲಿ ಪೂರ್ತಿಯಾದ ಬೀದರ್–ಕಲಬುರಗಿ ಮಾರ್ಗದ ಹುಮನಾಬಾದ್ ನಿಲ್ದಾಣದಲ್ಲಿ ಇಳಿಯುವುದು ಒಳ್ಳೆಯದು.

ಬಸವಕಲ್ಯಾಣ ಅಭಿವೃದ್ಧಿ ಮಂಡಳಿ ಮತ್ತು ಜಿಲ್ಲಾಡಳಿತಕ್ಕೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಸ್ಮಾರಕದ ಮುಂದಿನ ಫಲಕದಲ್ಲಿ ಕಟ್ಟಡ ಎದ್ದ ಕಾಲ, ಆ ಜಾಗದ ಬಗ್ಗೆ ಜನ ಹೇಳುವ ಮಾತು, ಅದಕ್ಕಿರುವ ಆಧಾರ ಇವು ಮೂರೂ ಬೇರೆಬೇರೆಯಾಗಿ ಇರಲಿ. ನಂಬಿಕೆಯನ್ನು ನಂಬಿಕೆ ಎಂದು ಬರೆದರೆ ಭಕ್ತರು ನೊಂದುಕೊಳ್ಳುತ್ತಾರೆ ಎಂಬ ಅಂಜಿಕೆ ಬೇಡ. ಪ್ರಶ್ನೆ ಕೇಳುವುದನ್ನು ಕಲಿಸಿದವರ ಊರಿದು. ಪರುಷಕಟ್ಟೆಯ ಫಲಕವನ್ನು ಓಣಿಯ ಬಾಯಲ್ಲಿ, ಬಸ್ಸಿಳಿದವರಿಗೆ ದಾರಿ ಕಾಣುವಂತೆ ಹಾಕಿ. ಲಾತೂರು, ಸೋಲಾಪುರ, ಜಹೀರಾಬಾದ್ ಕಡೆಯವರೂ ಬರುವುದರಿಂದ ಕನ್ನಡದ ಕೆಳಗೆ ಮರಾಠಿ, ತೆಲುಗು ಇರಲಿ.

— ಸ್ಥಳೀಯ ಇತಿಹಾಸಾಸಕ್ತರು, ಬಸವಕಲ್ಯಾಣ, ಬೀದರ್ ಜಿಲ್ಲೆ