ದೇವರನ್ನು ಮನೆಯಲ್ಲೇ ಬಿಟ್ಟು ಬನ್ನಿ ಅಂದರೆ ಹೇಗೆ?

ಮಾನ್ಯ ಸಂಪಾದಕರೇ,

‘ದೇವರು, ಧರ್ಮ ಎಲ್ಲ ಮನೆಯೊಳಗೆ ಇರಲಿ, ಸಾರ್ವಜನಿಕ ವಿಷಯಕ್ಕೆ ತರಬೇಡಿ’ ಎಂಬ ಮಾತು ಪತ್ರಿಕೆಗಳಲ್ಲೂ ಟಿ.ವಿ. ಚರ್ಚೆಗಳಲ್ಲೂ ಆಗಾಗ ಕೇಳಿಬರುತ್ತದೆ. ಹೇಳುವವರು ಹೆಚ್ಚಾಗಿ ನಾಸ್ತಿಕರು, ಇಲ್ಲವೇ ಉದಾರವಾದಿ ರಾಜಕೀಯದ ಕಡೆಯವರು. ನಾನು ಬೈಬಲನ್ನು ದೇವರ ವಾಕ್ಯವೆಂದು ನಂಬುವ ಕ್ರೈಸ್ತ. ಈ ಮಾತಿಗೆ ನನ್ನ ತಕರಾರಿದೆ.

ಮೊದಲು ಋಣದ ವಿಷಯ ಹೇಳಿಬಿಡುತ್ತೇನೆ. 2008ರ ಸೆಪ್ಟೆಂಬರಿನಲ್ಲಿ ನಮ್ಮ ಕರಾವಳಿಯಲ್ಲಿ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಾಗ ನಮ್ಮ ಪರ ಮಾತಾಡಿದವರಲ್ಲಿ ದೇವರನ್ನು ನಂಬದವರೂ ಇದ್ದರು. 2022ರ ಮತಾಂತರ ನಿಷೇಧ ಕಾಯ್ದೆಯನ್ನು ವಿರೋಧಿಸಿದವರಲ್ಲೂ ಇದ್ದರು. ಅದನ್ನು ಮರೆಯುವಂತಿಲ್ಲ. ಸಂವಿಧಾನದ 25ನೇ ವಿಧಿ ಶುರುವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ. ನಂಬುವ ನನಗೆಷ್ಟು ಹಕ್ಕಿದೆಯೋ ನಂಬದವರಿಗೂ ಅಷ್ಟೇ ಇದೆ. ನಮ್ಮವರೇ ಕೆಲವರು ನಾಸ್ತಿಕರನ್ನು ಕಂಡರೆ ಸಾಕು, ‘ದೇವರಿಲ್ಲವೆನ್ನುವವನು ಮೂರ್ಖ’ ಎಂದು ಬೈಬಲಿನ 14ನೇ ಕೀರ್ತನೆ ಎತ್ತಿ ಹೇಳುತ್ತಾರೆ. ಅದೇ ಕೀರ್ತನೆಯನ್ನು ಮುಂದಕ್ಕೆ ಓದಿದರೆ, ಅಲ್ಲಿ ಬೈಗುಳ ಬಿದ್ದಿರುವುದು ಬಡವರನ್ನು ತಿಂದುಹಾಕುವವರಿಗೆ. ಅವರಲ್ಲಿ ಚರ್ಚಿಗೆ ಹೋಗುವವರೂ ಇರಬಹುದು.

ಆದರೆ ಋಣ ಇದೆ ಅಂತ ಬಾಯಿ ಮುಚ್ಚಿಕೊಂಡಿರಬೇಕೇ?

ಎಲ್ಲ ಮನುಷ್ಯರೂ ಸಮಾನರು ಎಂದು ಉದಾರವಾದಿಗಳು ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ಹಾಗೆ ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ: ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂದು ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯವೇ ಹೇಳುತ್ತದೆ. ದೇವರನ್ನು ತೆಗೆದುಹಾಕಿದರೆ ಉಳಿಯುವುದು ಪ್ರಕೃತಿ. ಅಲ್ಲಿ ಬಲವಿದ್ದವನು ಬಲಹೀನನನ್ನು ತುಳಿಯುತ್ತಾನೆ, ಅಷ್ಟೇ. ಸಮಾನತೆ ಅಲ್ಲಿಂದ ಹುಟ್ಟುವುದಿಲ್ಲ. ನಾಸ್ತಿಕರಲ್ಲಿ ಒಳ್ಳೆಯವರಿಲ್ಲ ಅಂತ ನಾನು ಹೇಳುತ್ತಿಲ್ಲ, ತುಂಬ ಜನ ಇದ್ದಾರೆ. ಅವರ ಒಳ್ಳೆಯತನಕ್ಕೆ ಅವರ ಸಿದ್ಧಾಂತದಲ್ಲಿ ಆಧಾರ ಸಿಗುವುದಿಲ್ಲ ಎಂಬುದು ನನ್ನ ಮಾತು.

ಬಸವಣ್ಣನವರನ್ನೇ ನೋಡಿ. ಜಾತಿ ವಿರೋಧಿ ಭಾಷಣ ಅಂದರೆ ನಮ್ಮ ಪ್ರಗತಿಪರರು ಅವರ ಒಂದು ವಚನವನ್ನಾದರೂ ಹೇಳಿಯೇ ಹೇಳುತ್ತಾರೆ. ಹೇಳಲಿ, ಸಂತೋಷ. ಆದರೆ ಆ ವಚನಗಳ ಕೊನೆಗೆ ಬರುವ ಕೂಡಲಸಂಗಮದೇವನನ್ನು ಏನು ಮಾಡುವುದು? 12ನೇ ಶತಮಾನದ ಶರಣರು ಭಕ್ತಿಯನ್ನು ಮನೆಯೊಳಗಿಟ್ಟು ಬೀದಿಗೆ ಬಂದವರಲ್ಲ. ಭಕ್ತಿಯೇ ಅವರನ್ನು ಬೀದಿಗೆ ತಂದದ್ದು. ಇಂಗ್ಲೆಂಡಿನಲ್ಲಿ ವಿಲ್ಬರ್‌ಫೋರ್ಸ್ ಗುಲಾಮರ ವ್ಯಾಪಾರದ ವಿರುದ್ಧ ವರ್ಷಗಟ್ಟಲೆ ಪಾರ್ಲಿಮೆಂಟಿನಲ್ಲಿ ಹೋರಾಡಿ 1807ರಲ್ಲಿ ಗೆದ್ದದ್ದೂ ಅವರ ಕ್ರೈಸ್ತ ನಂಬಿಕೆಯ ಬಲದಿಂದ. ಅಷ್ಟು ದೂರ ಯಾಕೆ, ಪತ್ರಿಕೆಗಳ ವಿಷಯವನ್ನೇ ತೆಗೆದುಕೊಳ್ಳಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತಂದ ಹರ್ಮನ್ ಮೊಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ.

ಈಗ ನನ್ನನ್ನು ನಿಜವಾಗಿ ಕಾಡುವ ವಿಷಯಕ್ಕೆ ಬರುತ್ತೇನೆ. 2023ರ ನವೆಂಬರಿನಲ್ಲಿ ಹೆಣ್ಣು ಭ್ರೂಣ ಹತ್ಯೆಯ ಜಾಲ ಸಿಕ್ಕಿಬಿದ್ದದ್ದು ನೆನಪಿರಬಹುದು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡು ಗಂಡೋ ಹೆಣ್ಣೋ ಹೇಳುತ್ತಿದ್ದರು. ಇಡೀ ರಾಜ್ಯ ಬೆಚ್ಚಿಬಿತ್ತು. ಮಹಿಳಾ ಸಂಘಟನೆಗಳು, ಪ್ರಗತಿಪರರು ಎಲ್ಲ ಸಿಟ್ಟಾದರು. ಸರಿಯಾಗೇ ಇತ್ತು ಆ ಸಿಟ್ಟು. ಲಿಂಗ ಪತ್ತೆ ಮಾಡಬಾರದೆಂದು 1994ರಲ್ಲೇ ಕಾನೂನು ಮಾಡಿದ್ದಾರೆ.

ಅದೇ ಮಗುವಿಗೆ ಡೌನ್ ಸಿಂಡ್ರೋಮ್ (ಬುದ್ಧಿಯ ಬೆಳವಣಿಗೆ ನಿಧಾನವಾಗುವ, ಹುಟ್ಟಿನಿಂದಲೇ ಇರುವ ಸ್ಥಿತಿ) ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾದರೆ? ಆಗ ಯಾರಿಗೂ ಸಿಟ್ಟು ಬರುವುದಿಲ್ಲ. ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಬಂತು. ಮಗುವಿನಲ್ಲಿ ಗಂಭೀರ ನ್ಯೂನತೆ ಇದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ 24 ವಾರಗಳ ಮಿತಿಯೂ ಇಲ್ಲ. ಇದನ್ನು ಪ್ರಗತಿ ಎಂದೇ ಹೊಗಳಿದರು. ಐಸ್‌ಲ್ಯಾಂಡ್‌ನಲ್ಲಿ ಡೌನ್ ಸಿಂಡ್ರೋಮ್ ಪತ್ತೆಯಾದ ಗರ್ಭಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ತೆಗೆಸಿಬಿಡುತ್ತಾರೆ. ಹೆಣ್ಣೆಂದು ತೆಗೆಸುವುದು ಕೊಲೆಯಾದರೆ, ಬುದ್ಧಿ ಕಡಿಮೆ ಎಂದು ತೆಗೆಸುವುದು ತಾಯಿಯ ಹಕ್ಕು ಹೇಗಾಗುತ್ತದೆ? ತಾಯಿಯ ಜೀವಕ್ಕೇ ಕುತ್ತು ಬಂದಾಗಿನ ಮಾತು ಬೇರೆ. ನಾನು ಕೇಳುತ್ತಿರುವುದು ಅದಲ್ಲ.

ನಮ್ಮ ಸಭೆಯ ಒಬ್ಬ ತಾಯಿಗೆ ಐದನೇ ತಿಂಗಳಲ್ಲಿ ಹೀಗೇ ಆಯಿತು. ಆಸ್ಪತ್ರೆಯಲ್ಲಿ ‘ಇನ್ನೂ ಟೈಮಿದೆ, ಯೋಚನೆ ಮಾಡಿ’ ಅಂದರು. ಓದಿದ, ತಿಳಿವಳಿಕೆಯುಳ್ಳ ನೆಂಟರೂ ತೆಗೆಸಿಬಿಡು ಅಂದರು. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ‘ಈ ಮಗುವನ್ನು ದೇವರು ಕೊಟ್ಟಿದ್ದು, ಬೇಡ ಅನ್ನೋಕೆ ನಾನ್ಯಾರು?’ ಅಂದಳು. ಸಾಕಿ ದೊಡ್ಡದು ಮಾಡುವುದು ಸುಲಭವಾಗಲಿಲ್ಲ. ಹೃದಯದ ಆಪರೇಷನ್, ಸಾಲ, ಮಾತು ಬರಲು ತಡ, ಎಲ್ಲ ಆಯಿತು. ಈಗ ಆ ಹುಡುಗಿ ಪ್ರತಿ ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಹಾಡಿನ ಪುಸ್ತಕ ಹಂಚುತ್ತಾಳೆ. ಪುಸ್ತಕ ತೆಗೆದುಕೊಳ್ಳದೆ ಒಬ್ಬರನ್ನೂ ಒಳಗೆ ಬಿಡುವುದಿಲ್ಲ.

ಆ ತಾಯಿ ತನ್ನ ನಂಬಿಕೆಯನ್ನು ಮನೆಯಲ್ಲಿ ಬಿಟ್ಟು ಆಸ್ಪತ್ರೆಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನೋಡಿ. ಇಂಥ ವಿಷಯ ವಿಧಾನಸೌಧದಲ್ಲೋ ಸಂಸತ್ತಿನಲ್ಲೋ ಚರ್ಚೆಗೆ ಬಂದಾಗ ನಾವೂ ತೆರಿಗೆ ಕಟ್ಟುವ ಪ್ರಜೆಗಳಾಗಿ, ನಂಬಿದ ಕಾರಣವನ್ನು ಮುಚ್ಚಿಡದೆ ಮಾತಾಡುತ್ತೇವೆ. ವಾದ ಸರಿಯಿಲ್ಲ ಅನ್ನಿಸಿದರೆ ವಾದಕ್ಕೆ ಉತ್ತರ ಕೊಡಿ. ‘ಅದು ನಿಮ್ಮ ಧರ್ಮ’ ಅಂದುಬಿಟ್ಟರೆ ಅದು ಉತ್ತರ ಆಗಲ್ಲ ಅಲ್ವಾ?

ಕ್ರಿಸ್‌ಮಸ್ಸಿಗೆ ಕೇಕ್ ಕತ್ತರಿಸಲು ಬರುವ ರಾಜಕಾರಣಿಗಳಿಗೂ ಒಂದು ಮಾತು. ಕ್ರೈಸ್ತರ ಮತ ಹೇಗಿದ್ದರೂ ನಮ್ಮ ಜೇಬಿನಲ್ಲಿದೆ ಎಂದು ಒಂದು ಕಡೆಯವರು ತಿಳಿದಿದ್ದಾರೆ, ಹೇಗೂ ಸಿಗುವುದಿಲ್ಲ ಎಂದು ಇನ್ನೊಂದು ಕಡೆಯವರು. ಚರ್ಚಿಗೆ ರಕ್ಷಣೆ ಕೊಡುವುದು ಯಾವ ಸರ್ಕಾರಕ್ಕಾದರೂ ಕರ್ತವ್ಯ, ಅದಕ್ಕೆ ಬದಲಾಗಿ ನಮ್ಮ ಆತ್ಮಸಾಕ್ಷಿಯನ್ನು ಕೇಳಬೇಡಿ. ಮುಂದಿನ ಸಲ ಬಂದಾಗ ಅಂಗವಿಕಲ ಮಕ್ಕಳ ತಾಯಂದಿರಿಗೆ ಮಾಸಾಶನ ಎಷ್ಟು ಹೆಚ್ಚಿಸುತ್ತೀರಿ, ತಾಲ್ಲೂಕಿಗೊಂದು ಥೆರಪಿ ಕೇಂದ್ರ ಯಾವಾಗ ತೆರೆಯುತ್ತೀರಿ ಎಂದು ನಾವೇ ಕೇಳುತ್ತೇವೆ. ಉತ್ತರ ಸಿದ್ಧ ಮಾಡಿಕೊಂಡು ಬನ್ನಿ.

ಇಂತಿ,
ಒಬ್ಬ ಓದುಗ, ಬಲ್ಮಠ, ಮಂಗಳೂರು