ಹಿರಿಯೂರಿನ ಬಳಿ ಗಾಡಿ ನಿಲ್ಲಿಸಿದ ಸಹೋದರರಿಗೆ

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದತ್ತ ಹೊರಟಿದ್ದ ಆ ನಸುಕಿನಲ್ಲಿ, ಎದೆಯ ಮೇಲೆ ಮೂಟೆ ಹೇರಿದಂತಾಗಿ ಎಡಗೈ ಜೋಮು ಹಿಡಿದಾಗ, ಲಾರಿಯನ್ನು ಹೇಗೋ ರಸ್ತೆಯ ಬದಿಗೆ ತಂದು ನಿಲ್ಲಿಸಿದ್ದಷ್ಟೇ ನನಗೆ ನೆನಪಿದೆ. ಹಿಂದೆ ಟೊಮೆಟೊ ಗಾಡಿಯಲ್ಲಿ ಬರುತ್ತಿದ್ದ ತಾವು, ಮಾರುಕಟ್ಟೆಯ ಹೊತ್ತು ಮೀರುತ್ತದೆಂದು ತಿಳಿದೂ ಇಳಿದು ಬಂದಿರಿ. ಗ್ಯಾಸ್ಟ್ರಿಕ್ ಇರಬೇಕೆಂದು ನಾನು ಸೋಡಾ ಕೇಳಿದರೆ ತಾವು ಒಪ್ಪದೆ 108ಕ್ಕೆ ಕರೆ ಮಾಡಿದಿರಿ. ಆಂಬುಲೆನ್ಸ್ ಬರುವವರೆಗೂ ನನ್ನನ್ನು ಚಕ್ರಕ್ಕೆ ಒರಗಿಸಿ ಕೂರಿಸಿ, ಅಂಗಿಯ ಗುಂಡಿ ಬಿಚ್ಚಿ, ಹೆಗಲ ಮೇಲಿದ್ದ ಕೆಂಪಂಚಿನ ಟವೆಲ್‌ನಿಂದ ಬೆವರು ಒರೆಸುತ್ತಾ, "ಏನೂ ಆಗಲ್ಲ ಅಣ್ಣ, ಮಾತಾಡ್ತಾ ಇರಿ" ಎನ್ನುತ್ತಿದ್ದಿರಿ.

ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕಿದ್ದರಿಂದಲೇ ಹೃದಯದ ಸ್ನಾಯು ಹೆಚ್ಚು ಹಾಳಾಗದೆ ಉಳಿಯಿತೆಂದು ವೈದ್ಯರು ಹೇಳಿದರು. ಸ್ಟೆಂಟ್ ಹಾಕಿದ್ದಾರೆ. 31 ವರ್ಷ ಹಿಡಿದ ಸ್ಟಿಯರಿಂಗನ್ನು ಈ ತಿಂಗಳು ಬಿಟ್ಟಿದ್ದೇನೆ. ಬಿಡುವುದು ಸುಲಭವಾಗಿರಲಿಲ್ಲ, ಆದರೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುವ ಕೆಲಸ ಈಗ ನನ್ನದಾಗಿದೆ.

ತಮ್ಮ ಹೆಸರನ್ನೂ ಕೇಳಲಾಗಲಿಲ್ಲ. ತಮಗೆ ನನ್ನ ಹಾಗೂ ನನ್ನ ಮನೆಯವರೆಲ್ಲರ ಹೃತ್ಪೂರ್ವಕ ನಮಸ್ಕಾರಗಳು. ತಮ್ಮ ಟವೆಲನ್ನು ನನ್ನ ಹೆಂಡತಿ ಒಗೆದು, ಮಡಿಸಿ, ದೇವರ ಕೋಣೆಯಲ್ಲಿ ಇಟ್ಟಿದ್ದಾಳೆ.